ಮುಂದಿನ ಐದು ವರ್ಷ ಕಣ್ಣ ಮುಂದೆ ತಂದುಕೊಳ್ಳಲು ಹೋದರೆ ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿಯುವುದೇ ಕಾಣುತ್ತದೆ. ಏನು ಮಾಡಲಿ?

ಹಟ್ಟಿಹೊಳೆ ಕಡೆಯವಳು (ಅಕ್ಟೋಬರ್ 19)

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಇಲ್ಲಿ ಬೇರೆಯವರು ಬರೆದದ್ದನ್ನು ಓದುತ್ತಿದ್ದೇನೆ, ನಾನಾಗಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ.

ನನಗೆ ಇಪ್ಪತ್ತೊಂಬತ್ತು ವರ್ಷ. ಕೊಡಗಿನ ಮಾದಾಪುರದಿಂದ ಒಳಗೆ, ಹಟ್ಟಿಹೊಳೆಯ ಕಡೆಗೆ ನಮ್ಮ ತೋಟ. ಒಂಬತ್ತು ಎಕರೆ ಇತ್ತು. 2018ರ ಆಗಸ್ಟ್ 17ರ ಬೆಳಗಿನ ಜಾವ ಮನೆಯ ಮೇಲಿನ ಬರೆ ಜಾರಿ ಎರಡೂವರೆ ಎಕರೆ ತೋಟ ಕಾಫಿ, ಮೆಣಸಿನ ಬಳ್ಳಿ, ಹಲಸಿನ ಮರಗಳ ಸಮೇತ ಕೆಳಗಿನ ಕೊಲ್ಲಿಗೆ (ಹಳ್ಳಕ್ಕೆ) ಇಳಿಯಿತು. ಮನೆ ಉಳಿಯಿತು, ನಾವೂ ಉಳಿದೆವು. ನಮ್ಮ ಸುತ್ತ ಅಷ್ಟೂ ಉಳಿಯದವರು ಇದ್ದಾರೆ, ಅದಕ್ಕೇ ನಮ್ಮ ನಷ್ಟವನ್ನು ಇದುವರೆಗೆ ಯಾರ ಮುಂದೆಯೂ ದೊಡ್ಡದು ಮಾಡಿ ಹೇಳಿಕೊಂಡಿಲ್ಲ.

ಆಮೇಲೆ ಆರು ವರ್ಷ ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಕಳೆದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಬಲಗೈ ಏಳುವುದಿಲ್ಲ, ಮಾತು ಪೂರ್ತಿ ಮರಳಿಲ್ಲ. ಅಣ್ಣ ಸಂಸಾರದ ಜೊತೆ ಮಂಗಳೂರಿನಲ್ಲಿದ್ದಾನೆ. ಹೀಗಾಗಿ ನಾನು ಊರಿಗೆ ಬಂದೆ. ಎರಡು ತಿಂಗಳೆಂದು ಬಂದವಳು ಹದಿನಾರು ತಿಂಗಳಿಂದ ಇಲ್ಲೇ ಇದ್ದೇನೆ.

ಈಗ ಅಣ್ಣ ಹೇಳುವುದು: ಮಾರಿಬಿಡೋಣ. ಹೋಂಸ್ಟೇ ಮಾಡುವವರೊಬ್ಬರು ಕೇಳುತ್ತಿದ್ದಾರೆ, ಬೆಲೆಯೂ ಕಡಿಮೆಯಲ್ಲ. "ನಿನ್ನ ಕೈಯಲ್ಲಿ ತೋಟ ನಡೆಸಲು ಆಗುವುದಿಲ್ಲ" ಎಂದು ಅವನು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ನನ್ನ ಮೇಲಿನ ಅಕ್ಕರೆಯಿಂದಲೇ ಹೇಳುತ್ತಿದ್ದಾನೆ. ಹುತ್ತರಿ ಸುಗ್ಗಿ ಹಬ್ಬದೊಳಗೆ ನಾನು ನನ್ನ ಮಾತು ಹೇಳಬೇಕು.

ನನಗೆ ಮಾರಲು ಮನಸ್ಸಿಲ್ಲ. ನಡೆಸುತ್ತೇನೆ ಎನ್ನುವ ಧೈರ್ಯವೂ ಇಲ್ಲ. ಮೇ ತಿಂಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಮಾಡಿಸುವಾಗ ಮೇಸ್ತ್ರಿ ಬಂದು "ಅಕ್ಕ, ಈ ಸಾಲಿನಲ್ಲಿ ಎಷ್ಟು ಕೊಂಬೆ ಇಳಿಸುವುದು?" ಎಂದು ಕೇಳಿದರು. "ಅಪ್ಪನನ್ನು ಕೇಳಿ ಹೇಳುತ್ತೇನೆ" ಎಂದೆ. ಮಾತು ಬಾರದ ಅಪ್ಪನನ್ನು. ಅಪ್ಪ ಕುರ್ಚಿಯಲ್ಲಿ ಕುಳಿತು ಎಡಗೈಯನ್ನು ನನ್ನ ಕಡೆಗೇ ತೋರಿಸಿದರು, ನೀನೇ ಹೇಳು ಎನ್ನುವ ಹಾಗೆ. ನಾನು ಹೊರಗೆ ಹೋಗಿ ಮೇಸ್ತ್ರಿಗೆ "ನಾಳೆ ನೋಡೋಣ" ಎಂದೆ. ಕಾಫಿ ಮಾರುವ ದಿನವೂ ಅಷ್ಟೇ. ವ್ಯಾಪಾರಿ ಔಟ್‌ಟರ್ನ್ (ಒಂದು ಚೀಲ ಒಣ ಕಾಯಿ ಒಡೆದರೆ ಸಿಗುವ ಬೇಳೆಯ, ಅಂದರೆ ಬೀಜದ ತೂಕ) ಇಷ್ಟೇ ಬರುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ಒಪ್ಪಿಕೊಂಡು ಬಂದೆ. ಕಚೇರಿಯಲ್ಲಿ ಕೋಟಿಗಟ್ಟಲೆ ಲೆಕ್ಕ ನೋಡುತ್ತಿದ್ದವಳಿಗೆ "ನನ್ನ ಮುಂದೆ ತೂಗಿ" ಎಂಬ ಮೂರು ಪದ ಬಾಯಿಗೆ ಬರಲಿಲ್ಲ.

ಗೆಳತಿಯೊಬ್ಬಳು ಆತ್ಮವಿಶ್ವಾಸ ಬೆಳೆಸಿಕೊಳ್ಳುವ ಒಂದು ಆನ್‌ಲೈನ್ ಶಿಬಿರಕ್ಕೆ ಸೇರಿಸಿದಳು. ಕಣ್ಣು ಮುಚ್ಚಿ, ಐದು ವರ್ಷದ ನಂತರ ನೀವು ಗೆದ್ದು ನಿಂತಿರುವುದನ್ನು ನೋಡಿ ಎಂದರು. ಸ್ವಂತ ಹೆಸರಿನ ಕಾಫಿ ಪುಡಿ, ಹೊಸ ಕಾರು, ಚಪ್ಪಾಳೆ. ನಾನು ಕಣ್ಣು ಮುಚ್ಚಿದೆ. ಕಂಡದ್ದು ಬರೆ. ಆ ರಾತ್ರಿ ಮೊದಲು ಕೇಳಿಸಿದ್ದು ಮರದ ಬೇರುಗಳು ಕಿತ್ತುಕೊಳ್ಳುವ ಸದ್ದು, ಹೊಸ ಬಟ್ಟೆ ಹರಿದಂತೆ. ಅದೇ ಕೇಳಿಸಿತು. ಫೋನ್ ಕೆಳಗಿಟ್ಟು ಎದ್ದುಬಂದೆ.

ನನ್ನ ಪ್ರಶ್ನೆ ಇಷ್ಟು. ಕಾಲ ಕೆಳಗಿನ ಮಣ್ಣೇ ನಿಲ್ಲುತ್ತದೆ ಎಂಬ ನಂಬಿಕೆ ಇಲ್ಲದವರು ಮುಂದಿನ ದಿನಗಳನ್ನು ಊಹಿಸಿಕೊಳ್ಳುವುದು ಹೇಗೆ? ಊಹಿಸಿಕೊಂಡರೆ ಧೈರ್ಯ ಬರುತ್ತದೆ ಎಂಬುದು ನಿಜವೇ? ನಿಮ್ಮಲ್ಲಿ ಯಾರಿಗಾದರೂ ಹಾಗೆ ಬಂದಿದ್ದರೆ ಹೇಗೆ ಬಂತು ಎಂದು ದಯವಿಟ್ಟು ಬರೆಯಿರಿ.

ಮಳೆ ಪುಸ್ತಕ (ಅಕ್ಟೋಬರ್ 19)

ಮಗಳೇ, ನನಗೆ ಅರವತ್ತಾರು ವರ್ಷ, ಆದ್ದರಿಂದ ನೀನು ಎಂದೇ ಬರೆಯುತ್ತೇನೆ. ತೋಟ ಸುಂಟಿಕೊಪ್ಪದ ಹತ್ತಿರ. ಮೂವತ್ತೊಂದು ವರ್ಷಗಳಿಂದ ದಿನವೂ ಬೆಳಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ನೀನು ಹೇಳಿದ ದಿನದ ಪುಟವನ್ನು ಈಗ ತೆಗೆದು ನೋಡಿದೆ. ಅಂಕಿ ಇಲ್ಲ, ಒಂದು ಗೆರೆ ಇದೆ. ಮಾಪಕ ತುಂಬಿ ಹೊರಗೆ ಚೆಲ್ಲಿತ್ತು, ಎಷ್ಟೆಂದು ಬರೆಯಲು ಆಗಲಿಲ್ಲ. ಆದ್ದರಿಂದ ಕಣ್ಣು ಮುಚ್ಚಿದರೆ ನಿನಗೆ ಅದೇ ಕಾಣುತ್ತದೆ ಎಂದರೆ ನನಗೆ ಆಶ್ಚರ್ಯವಿಲ್ಲ.

ನನ್ನ ಕಥೆ 2002ರದು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಬೆಲೆ ಏರಿದಾಗ ನಾನೂ ಎಲ್ಲರಂತೆ ಜೀಪು ಕೊಂಡೆ, ಹೊಸ ಕಣ ಮಾಡಿಸಿದೆ, ಸಾಲ ತೆಗೆದೆ. 2001, 2002ರ ಹೊತ್ತಿಗೆ ಬೆಲೆ ಪಾತಾಳಕ್ಕೆ ಬಿತ್ತು. ಕುಯ್ಯಿಸಿದ ಕೂಲಿಯೂ ಹುಟ್ಟುತ್ತಿರಲಿಲ್ಲ. ಅಂತಹ ಹೊತ್ತಿನಲ್ಲಿ ಮರದ ವ್ಯಾಪಾರಿಯೊಬ್ಬರು ಬಂದರು. ತೋಟದ ಹಳೆಯ ನೆರಳು ಮರಗಳನ್ನೆಲ್ಲ ಕಡಿದು ಕೊಡಿ, ಸಿಲ್ವರ್ ಓಕ್ ನೆಟ್ಟುಕೊಳ್ಳಿ, ಒಂದೇ ಏಟಿಗೆ ಸಾಲ ತೀರುತ್ತದೆ ಎಂದರು. ಬಳಂಜಿ, ನೇರಳೆ, ಹಲಸು, ಅತ್ತಿ. ನನ್ನ ಅಜ್ಜ ಕಾಡು ಸವರಿ ಕಾಫಿ ನೆಡುವಾಗ ಯಾವುದನ್ನು ಉಳಿಸಬೇಕು ಎಂದು ಒಂದೊಂದನ್ನೂ ಮುಟ್ಟಿ ನೋಡಿ ಉಳಿಸಿದ ಮರಗಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಲೆ ಮತ್ತೆ ಏರುತ್ತದೆಯೇ ಎಂದು ಊಹಿಸಲು ಹೋದೆ, ಅದು ನನ್ನ ಕೈಯಲ್ಲಿ ಇರಲಿಲ್ಲ. ಸಾಲ ತೀರಿದ ದಿನವನ್ನು ಊಹಿಸಲು ಹೋದೆ, ಅದೂ ನಂಬಿಕೆಗೆ ಬರಲಿಲ್ಲ. ಕೊನೆಗೆ ಹತ್ತು ವರ್ಷದ ಮುಂದಿನ ಹುತ್ತರಿ ಹುಣ್ಣಿಮೆಯ ರಾತ್ರಿಯನ್ನು ಯೋಚಿಸಿದೆ. ಬೆಲೆ ಎಷ್ಟಾದರೂ ಇರಲಿ. ಕದಿರು ತೆಗೆದುಕೊಂಡು ಗದ್ದೆಯಿಂದ ಮನೆಗೆ ಬರುವ ದಾರಿಯಲ್ಲಿ ನಾನು ಯಾರ ಮುಖ ನೋಡಬೇಕು? ಲೈನ್‌ಮನೆಯ ಕೆಲಸದವರು ಎದುರಾದರೆ ತಲೆ ತಗ್ಗಿಸಿ ಹೋಗುವ ಹಾಗಿರಬಾರದು. ದಾರಿಯ ಮೇಲೆ ಆ ನೇರಳೆ ಮರದ ನೆರಳು ಇರಬೇಕು. ಇಷ್ಟು ಮಾತ್ರ ನಿಚ್ಚಳವಾಗಿ ಕಂಡಿತು. ಎದ್ದು ದೀಪ ಹಾಕಿ ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲು ಬರೆದೆ: ಮರ ಕಡಿದು ಸಾಲ ತೀರಿಸುವುದಿಲ್ಲ. ಆಳುಗಳ ಸಂಬಳ ಬಾಕಿ ಇಟ್ಟು ಹಬ್ಬ ಮಾಡುವುದಿಲ್ಲ.

ಬೆಳಗ್ಗೆ ಜೀಪು ಮಾರಲು ಹೇಳಿ ಬ್ಯಾಂಕಿಗೆ ಹೋದೆ. ಧೈರ್ಯ ಬಂದಿತ್ತು ಎಂದು ತಿಳಿಯಬೇಡ. ಮ್ಯಾನೇಜರರ ಎದುರು ಕುಳಿತಾಗ ನೀರಿನ ಲೋಟ ಹಿಡಿಯಲು ಆಗದಷ್ಟು ಕೈ ನಡುಗುತ್ತಿತ್ತು. ಆದರೆ ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಟ್ಟುಕೊಡಲಾರೆ ಎಂಬುದು ಗೊತ್ತಿತ್ತು. ಕಂತಿನ ಅವಧಿ ಹೆಚ್ಚು ಮಾಡಿ ಎಂದು ಕೇಳಿದೆ. ಮೊದಲ ಸಲ ಆಗುವುದಿಲ್ಲ ಎಂದರು. ಮೂರನೆಯ ಸಲ ಒಪ್ಪಿದರು. ನಂಬಿಕೆ ಎನ್ನುವುದು ನನ್ನೊಳಗೆ ಹುಟ್ಟಿದ್ದು ಆ ಎರಡನೆಯ ಸಲ ಮತ್ತೆ ಅದೇ ಮೆಟ್ಟಿಲು ಹತ್ತಿದಾಗ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷದ ನಂತರ ಮಗಳ ಮದುವೆಯ ಸಮಯದಲ್ಲಿ ಎರಡನೆಯ ಸಾಲನ್ನು ಮುರಿದೆ. ಐದು ವಾರದ ಸಂಬಳ ಬಾಕಿ ಉಳಿಯಿತು. ಬರೆದಿಟ್ಟಿದ್ದರಿಂದ ಅದು ನನ್ನನ್ನು ಚುಚ್ಚಿತು, ಚುಚ್ಚಿದ್ದರಿಂದ ಲೈನ್‌ಮನೆಗೆ ನಾನೇ ಹೋಗಿ ತಪ್ಪಾಯಿತು ಎಂದು ಹೇಳಿ ಕೊಟ್ಟುಬಂದೆ. ಬರೆದಿಡದಿದ್ದರೆ ನನಗೆ ನಾನೇ ನೂರು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಇನ್ನೊಂದು ಮಾತು. ತೋಟದಲ್ಲಿ ಅರೇಬಿಕಾ ಕಾಫಿ ಇದ್ದರೆ ಬಿಳಿ ಕಾಂಡಕೊರಕದ ಕಾಟ ಇದ್ದೇ ಇರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿ ಹೊರಗೆ ಬರುವ ಕಾಲ. ಪ್ರತಿ ದಿನ ಒಂದು ಸಾಲು ನೀನೇ ನೋಡು. ಕಾಂಡದ ಮೇಲೆ ಹೆಬ್ಬೆರಳು ಒತ್ತಿ ಮೇಲಿನಿಂದ ಕೆಳಗೆ ಎಳೆ. ಹುಳು ಒಳಗೆ ಕೊರೆದಿದ್ದರೆ ತೊಗಟೆಯ ಮೇಲೆ ಗೆರೆ ಉಬ್ಬಿರುವುದು ಬೆರಳಿಗೆ ಸಿಗುತ್ತದೆ, ಕಣ್ಣಿಗಿಂತ ಮೊದಲು. ಒಂದು ತಿಂಗಳು ಹೀಗೆ ಮಾಡಿದರೆ ಮೇಸ್ತ್ರಿ ಕೇಳುವ ಮೊದಲೇ ನಿನಗೆ ಉತ್ತರ ಗೊತ್ತಿರುತ್ತದೆ. ಸಂಶಯ ಬಂದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋಗಿ ಕೇಳು.

ಪಾಲಿಬೆಟ್ಟದವನು (ಅಕ್ಟೋಬರ್ 20)

ಮೇಲಿನ ಹಿರಿಯರ ಮಾತಿಗೆ ಗೌರವವಿದೆ. ಆದರೆ ಮಾರಿದವನ ಮಾತೂ ಇಲ್ಲಿ ಇರಲಿ.

ನಾನು 2021ರಲ್ಲಿ ನಾಲ್ಕು ಎಕರೆ ಮಾರಿದೆ. ನಮ್ಮ ಕಡೆ ಆನೆಗಳ ಹಾವಳಿ ನಿಮಗೆ ಗೊತ್ತು. ಬೆಳಗ್ಗೆ ಕೆಲಸಕ್ಕೆ ಬರುವ ಹೆಂಗಸರು ಜೀವ ಕೈಯಲ್ಲಿ ಹಿಡಿದು ಬರುತ್ತಿದ್ದರು. ಒಂದು ದಿನ ನಮ್ಮ ತೋಟದ ದಾರಿಯಲ್ಲೇ ಒಬ್ಬರು ಕೂದಲೆಳೆಯಲ್ಲಿ ಪಾರಾದರು. ನನ್ನ ಕಾಫಿಗಾಗಿ ಇನ್ನೊಬ್ಬರ ಮನೆಯ ಮಕ್ಕಳು ತಾಯಿಯನ್ನು ಕಳೆದುಕೊಳ್ಳುವುದು ಬೇಡ ಎನ್ನಿಸಿತು. ಮಾರಿದ ಹಣದಲ್ಲಿ ಮಗಳನ್ನು ಓದಿಸುತ್ತಿದ್ದೇನೆ, ಗೋಣಿಕೊಪ್ಪದಲ್ಲಿ ಚಿಕ್ಕ ಅಂಗಡಿ ಇದೆ. ಸೋತು ಮಾರಿದೆ ಎಂದು ನೆಂಟರು ಹೇಳಿದರು. ನನಗೆ ಹಾಗೆ ಅನ್ನಿಸಿಲ್ಲ.

ತಂಗಿ, ನಿಮ್ಮ ಮನಸ್ಸಿಗೆ ದೊಡ್ಡದು ಯಾವುದು ಎಂದು ಕೇಳಿಕೊಂಡ ಮೇಲೆ ಮಾರುವುದೇ ಸರಿ ಎನ್ನಿಸಿದರೆ ಅದಕ್ಕೂ ಧೈರ್ಯ ಬೇಕು. ಭೂಮಿ ಉಳಿಸಿಕೊಂಡವರು ಮಾತ್ರ ಗಟ್ಟಿಗರು ಎಂದು ತಿಳಿಯಬೇಡಿ.

ಹಟ್ಟಿಹೊಳೆ ಕಡೆಯವಳು (ಅಕ್ಟೋಬರ್ 20)

ಇಬ್ಬರಿಗೂ ಕೈಮುಗಿಯುತ್ತೇನೆ. ಪಾಲಿಬೆಟ್ಟದ ಅಣ್ಣ, ನಿಮ್ಮ ಮಾತು ಓದಿ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಮಾರಿದರೆ ಸೋಲು ಎಂದೇ ನಾನೂ ತಿಳಿದಿದ್ದೆ. ಆ ಭಯವನ್ನು ಪಕ್ಕಕ್ಕಿಟ್ಟು ನೋಡಿದರೂ ನನಗೆ ಇಲ್ಲಿಯೇ ಇರಬೇಕು ಅನ್ನಿಸುತ್ತದೆ. ಅದು ಹಟವೋ ಪ್ರೀತಿಯೋ ಎಂದು ಹೇಗೆ ತಿಳಿಯುವುದು?

ದೊಡ್ಡಪ್ಪ, ನಿಮ್ಮ ಮಾತಿನಂತೆ ಇವತ್ತು ಬೆಳಗ್ಗೆ ಒಂದು ಸಾಲು ನೋಡಿದೆ. ಬೆರಳಿಗೆ ಏನೂ ಸಿಗಲಿಲ್ಲ. ಗಿಡ ಚೆನ್ನಾಗಿದೆಯೋ ನನ್ನ ಬೆರಳಿಗೆ ಇನ್ನೂ ಗೊತ್ತಾಗುತ್ತಿಲ್ಲವೋ ತಿಳಿಯದು. ನಾಳೆ ಇನ್ನೊಂದು ಸಾಲು.

ಕುಶಾಲನಗರದ ಟೀಚರ್ (ಅಕ್ಟೋಬರ್ 21)

ನಾನು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಆಪ್ತಸಮಾಲೋಚನೆಯ ತರಬೇತಿಯೂ ಆಗಿದೆ. 2018ರಲ್ಲಿ ಪರಿಹಾರ ಕೇಂದ್ರವೊಂದರಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಹಾಳೆ, ಬಣ್ಣ ಕೊಟ್ಟಿದ್ದೆವು. ಕೊಡಗಿನ ಮಕ್ಕಳು ಮನೆ ಬಿಡಿಸಿದರೆ ಹಿಂದೆ ಬೆಟ್ಟ ಬಂದೇ ಬರುತ್ತದೆ. ಆ ವಾರ ಎಷ್ಟೋ ಮಕ್ಕಳು ಮನೆಯ ಹಿಂದಿನ ಜಾಗವನ್ನು ಖಾಲಿ ಬಿಟ್ಟರು. ಯಾರೂ ಹೇಳಿಕೊಟ್ಟದ್ದಲ್ಲ. ನೀವು ಕಣ್ಣು ಮುಚ್ಚಿದಾಗ ಆದದ್ದೂ ಅದೇ ಜಾತಿಯದು. ಅದನ್ನು ನಿಮ್ಮ ದೌರ್ಬಲ್ಯ ಎಂದುಕೊಳ್ಳಬೇಡಿ.

ಶಿಬಿರದಲ್ಲಿ ಹೇಳಿದ ವಿಧಾನದಲ್ಲಿಯೇ ಒಂದು ಕೊರತೆ ಇದೆ. ಗೆದ್ದು ನಿಂತ ಚಿತ್ರವನ್ನಷ್ಟೇ ನೋಡುತ್ತಿದ್ದರೆ ಮನಸ್ಸು ಈಗಾಗಲೇ ಊಟ ಆದಂತೆ ಸುಮ್ಮನಾಗುತ್ತದೆ. ಗೇಬ್ರಿಯೆಲ್ ಓಟ್ಟಿಂಗೆನ್ ಎಂಬ ಮನೋವಿಜ್ಞಾನಿ ಇದನ್ನೇ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರಲ್ಲಿ, ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಹಗಲುಗನಸು ಕಂಡವರಿಗೆ ಎರಡು ವರ್ಷದ ನಂತರ ಕೆಲಸದ ಕರೆಗಳೂ ಸಂಬಳವೂ ಕಡಿಮೆ ಸಿಕ್ಕಿದ್ದವು. ಅವರು ಹೇಳುವುದು, ಬೇಕಾದದ್ದನ್ನು ಕಲ್ಪಿಸಿಕೊಂಡ ಕೂಡಲೇ ಅದಕ್ಕೆ ಅಡ್ಡ ಬರುವ ನಿಮ್ಮೊಳಗಿನ ಸಂಗತಿಯನ್ನೂ ಎದುರಿಗೆ ಇಟ್ಟುಕೊಳ್ಳಿ, ಅದು ಬಂದಾಗ ಏನು ಮಾಡುತ್ತೇನೆ ಎಂದು ಮೊದಲೇ ತೀರ್ಮಾನಿಸಿ. 1999ರಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ವಿದ್ಯಾರ್ಥಿಗಳ ಜೊತೆ ನಡೆಸಿದ ಅಧ್ಯಯನವೂ ಇದಕ್ಕೆ ಹತ್ತಿರದ್ದು. ಒಳ್ಳೆಯ ಅಂಕ ಬಂದದ್ದನ್ನು ಕಲ್ಪಿಸಿಕೊಂಡವರಿಗಿಂತ, ಪುಸ್ತಕ ತೆರೆದು ಕುಳಿತು ಓದುತ್ತಿರುವುದನ್ನು ಕಲ್ಪಿಸಿಕೊಂಡವರು ಹೆಚ್ಚು ಓದಿದರು, ಹೆಚ್ಚು ಅಂಕವನ್ನೂ ಪಡೆದರು. ನಾನು ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಇದನ್ನು ಹೇಳುತ್ತೇನೆ.

ಹಿರಿಯರು ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದ ಎರಡು ಸಾಲು ಗುರಿಗಳಲ್ಲ, ಮೌಲ್ಯಗಳು. ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ರೂಪಿಸಿದ ಚಿಕಿತ್ಸಾ ಪದ್ಧತಿಯಲ್ಲಿ ಈ ವ್ಯತ್ಯಾಸಕ್ಕೆ ತುಂಬ ಬೆಲೆ. ಎರಡು ಎಕರೆಗೆ ಚಂದ್ರಗಿರಿ ಎಂಬ ಕಾಫಿ ತಳಿಯ ಹೊಸ ಗಿಡ ಹಾಕುವುದು ಗುರಿ. ಹಾಕಿದ ದಿನ ಅದು ಮುಗಿಯಿತು, ಹಾಕಲಾಗದಿದ್ದರೆ ಕೈತಪ್ಪಿತು. ಮಣ್ಣನ್ನು ಹಿಡಿದು ನಿಲ್ಲಿಸುವಂತೆ ತೋಟ ಮಾಡುವುದು ಮೌಲ್ಯ. ಅದು ಬೆಲೆ ಬಿದ್ದ ವರ್ಷವೂ, ಮಳೆ ಹೆಚ್ಚಾದ ವರ್ಷವೂ, ಅರ್ಧ ಎಕರೆಯಲ್ಲಿಯೂ ಸಾಧ್ಯ. ಬೆಟ್ಟ ನಿಲ್ಲುತ್ತದೆ ಎಂಬ ಭರವಸೆಯನ್ನು ನಿಮಗೆ ಯಾರೂ ಕೊಡಲಾರರು. ನೀವು ಎಂಥವರಾಗಿ ನಡೆದುಕೊಳ್ಳುತ್ತೀರಿ ಎಂಬ ಭರವಸೆಯನ್ನು ನಿಮಗೆ ನೀವು ಕೊಟ್ಟುಕೊಳ್ಳಬಹುದು.

ಹಟವೋ ಪ್ರೀತಿಯೋ ಎಂದು ಕೇಳಿದಿರಿ. ನಾನು ಬಳಸುವ ಒಂದು ಪರೀಕ್ಷೆ ಇದೆ. ಇದನ್ನು ನೀವು ಮಾಡಿದ್ದು ಯಾರಿಗೂ, ಅಣ್ಣನಿಗೂ ನೆಂಟರಿಗೂ, ಎಂದೂ ತಿಳಿಯುವುದಿಲ್ಲ ಎಂದುಕೊಳ್ಳಿ. ಆಗಲೂ ಮಾಡುತ್ತೀರಾ?

ಈಗ ಒಂದು ಕೆಲಸ. ಐದು ವರ್ಷದ ಮುಂದಿನ ಒಂದು ಸಾಧಾರಣ ದಿನವನ್ನು ಬರೆಯಿರಿ. ಹಬ್ಬವಲ್ಲ, ಸನ್ಮಾನವಲ್ಲ, ಸುಮ್ಮನೆ ಒಂದು ಮಂಗಳವಾರ. ಕಣ್ಣು ಮುಚ್ಚಬೇಡಿ, ತೆರೆದ ಕಣ್ಣಿನಲ್ಲಿ ಕೈಯಿಂದ ಬರೆಯಿರಿ. ಬರೆ ಕಾಣಿಸಿದರೆ ಅದನ್ನೂ ಬರೆಯಿರಿ, ಅಳಿಸಬೇಡಿ. ಮಳೆಗಾಲದಲ್ಲಿ ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು ವಾರಗಟ್ಟಲೆ ಇದ್ದರೆ ಮಾತ್ರ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಜಂಬೂರು ಬಡಾವಣೆ (ಅಕ್ಟೋಬರ್ 22)

ಅಕ್ಕ, ನಮ್ಮ ಮನೆ ಪೂರ್ತಿ ಹೋಯಿತು. ಈಗ ಜಂಬೂರಿನಲ್ಲಿ ಕೊಟ್ಟ ಮನೆಯಲ್ಲಿ ಇದ್ದೇವೆ. ನಾನು ನರ್ಸಿಂಗ್ ಓದುತ್ತಿದ್ದೇನೆ. ನಿಮಗೆ ಬುದ್ಧಿ ಹೇಳುವಷ್ಟು ನನಗೆ ಗೊತ್ತಿಲ್ಲ. ಅಂದು ನಮ್ಮನ್ನು ಸಂಪಾಜೆ ಕಡೆಯಿಂದ ಬಂದ ಹುಡುಗರು ಹಗ್ಗ ಹಿಡಿದು ದಾಟಿಸಿದರು. ಅದರಲ್ಲಿ ಒಬ್ಬರು ನನ್ನ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಹೋಗುವಾಗ "ಅಜ್ಜಿ, ಭಾರ ಇಲ್ಲ, ಆರಾಮಾಗಿ ಕೂತಿರಿ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಅವರ ಕಾಲು ನಡುಗುತ್ತಿದ್ದುದನ್ನು ಹಿಂದೆ ಬರುತ್ತಿದ್ದ ನಾನು ನೋಡುತ್ತಿದ್ದೆ. ಭಯದಲ್ಲಿರುವವರ ಹತ್ತಿರ ಹೀಗೆ ಮಾತನಾಡುವವಳಾಗಬೇಕು ಎಂದು ಅವತ್ತು ಅಂದುಕೊಂಡೆ. ವಾರ್ಡಿನಲ್ಲಿ ಮೊದಲ ಸಲ ಸೂಜಿ ಹಿಡಿದಾಗ ನನಗೆ ಅಂಕ, ಕೆಲಸ ಯಾವುದೂ ನೆನಪಿಗೆ ಬರಲಿಲ್ಲ, ಆ ಮಾತು ಬಂತು. ಇಷ್ಟು ಹೇಳಬೇಕು ಅನ್ನಿಸಿತು.

ಹಟ್ಟಿಹೊಳೆ ಕಡೆಯವಳು (ನವೆಂಬರ್ 16)

ನಾಲ್ಕು ವಾರ ಆಯಿತು. ಏನಾಯಿತು ಎಂದು ಹೇಳದೆ ಸುಮ್ಮನಿರುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ಮೊದಲು ಜಂಬೂರಿನ ತಂಗಿಗೆ. ನಿನ್ನ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅತ್ತರು. ಆಮೇಲೆ ಏಳು ವರ್ಷದಲ್ಲಿ ಮೊದಲ ಬಾರಿಗೆ ಆ ರಾತ್ರಿಯ ಬಗ್ಗೆ ನಾವಿಬ್ಬರೂ ಕುಳಿತು ಮಾತನಾಡಿದೆವು. ಅಪ್ಪ ಕೇಳಿಸಿಕೊಳ್ಳುತ್ತಿದ್ದರು.

ಟೀಚರ್, ನೀವು ಹೇಳಿದ್ದನ್ನು ಬರೆಯಲು ಮೂರು ದಿನ ಬೇಕಾಯಿತು. ಮೊದಲ ಎರಡು ದಿನ ಅರ್ಧ ಪುಟಕ್ಕಿಂತ ಮುಂದೆ ಹೋಗಲಿಲ್ಲ. ಮೂರನೆಯ ದಿನ ಬರೆದದ್ದರಲ್ಲಿ ಸ್ವಲ್ಪ ಇಲ್ಲಿ ಹಾಕುತ್ತೇನೆ.

"2030, ಜೂನ್, ಮಂಗಳವಾರ. ರಾತ್ರಿಯಿಂದ ಮಳೆ. ಐದೂವರೆಗೆ ಎಚ್ಚರ. ಎದ್ದ ಕೂಡಲೇ ಹಿಂದಿನ ಬಾಗಿಲು ತೆಗೆದು ಬರೆ ನೋಡುತ್ತೇನೆ. ಈಗಲೂ ಹೊಟ್ಟೆಯೊಳಗೆ ಒಂದು ಸಲ ಹಿಡಿದ ಹಾಗಾಗುತ್ತದೆ. ಕುಸಿದ ಜಾಗದಲ್ಲಿ ಕಾಫಿ ಇಲ್ಲ, ಹಾಕುವುದೂ ಇಲ್ಲ. ಲಾವಂಚ ಅಡ್ಡಸಾಲುಗಳಲ್ಲಿ ಎದ್ದಿದೆ, ಅಂಚಿನಲ್ಲಿ ಬಿದಿರು. ಚರಂಡಿಯಲ್ಲಿ ನೀರು ಹರಿಯುತ್ತಿದೆ, ಕೆಂಪಾಗಿಲ್ಲ. ಅಪ್ಪನಿಗೆ ಅಕ್ಕಿರೊಟ್ಟಿ ಚಿಕ್ಕದಾಗಿ ಮುರಿದು ಕೊಡುತ್ತೇನೆ. ಎಂಟು ಗಂಟೆಗೆ ಕೆಲಸದವರು ಬರುತ್ತಾರೆ. ಮಳೆ ಜೋರಾದರೆ ಕೊಲ್ಲಿಯ ಕಡೆಗೆ ಯಾರನ್ನೂ ಕಳಿಸುವುದಿಲ್ಲ, ಅವತ್ತಿನ ಕೂಲಿ ಕೊಟ್ಟೇ ಕಳಿಸುತ್ತೇನೆ. ಮೇಸ್ತ್ರಿ ಏನೋ ಕೇಳುತ್ತಾರೆ. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ನೀವೇನು ಮಾಡುತ್ತಿದ್ದಿರಿ ಎಂದು ಅವರನ್ನೇ ಕೇಳುತ್ತೇನೆ."

ಇದನ್ನು ಬರೆದು ಓದಿಕೊಂಡಾಗ ನನಗೇ ಆಶ್ಚರ್ಯವಾಯಿತು. ಕಾಫಿ ಪುಡಿಯ ಹೆಸರು ಎಲ್ಲೂ ಇಲ್ಲ, ಕಾರು ಇಲ್ಲ. ಬರೆ ಇದೆ, ಅದನ್ನು ನೋಡಿಕೊಳ್ಳುತ್ತಿರುವವಳು ನಾನು. ಇದು ಯಾರಿಗೂ ತಿಳಿಯದಿದ್ದರೂ ಮಾಡುತ್ತೇನೆಯೇ ಎಂದು ಕೇಳಿಕೊಂಡೆ. ಲಾವಂಚ ನೆಡುವುದನ್ನು ಮಾಡುತ್ತೇನೆ. ಕೆಲಸದವರನ್ನು ಕೊಲ್ಲಿಗೆ ಕಳಿಸದಿರುವುದನ್ನು ಮಾಡುತ್ತೇನೆ. ಇನ್ನೂ ಒಂದು ಆಸೆ ಬರೆದಿದ್ದೆ, ಅಣ್ಣ ಬಂದು ನೋಡಿ ಭೇಷ್ ಎನ್ನುವುದು. ಅದನ್ನು ಹೊಡೆದು ಹಾಕಿದೆ.

ಅಡ್ಡ ಬರುವುದು ಏನು ಎಂದೂ ಬರೆದೆ. ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದರೆ ನಾನು ತಲೆಯಾಡಿಸಿಬಿಡುತ್ತೇನೆ. ಹಾಗಾದಾಗ "ಒಂದು ನಿಮಿಷ" ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ ಎಂದು ತೀರ್ಮಾನ ಮಾಡಿದೆ.

ಕಳೆದ ವಾರ ಅದಕ್ಕೆ ಸಂದರ್ಭ ಬಂತು. ಹಳೆಯ ರೊಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಕಾಯಿ) ಒಂಬತ್ತು ಚೀಲ ಉಳಿದಿತ್ತು. ಅದೇ ವ್ಯಾಪಾರಿಯ ಹತ್ತಿರ ಹೋದೆ. ಅವರು ಒಂದು ಹಿಡಿ ಕೈಯಲ್ಲಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿ, ಔಟ್‌ಟರ್ನ್ 25 ಬರಬಹುದು ಎಂದರು. ತಲೆ ಆಗಲೇ ಕೆಳಗೆ ಹೋಗುತ್ತಿತ್ತು. "ಒಂದು ನಿಮಿಷ" ಎಂದು ಹಿಂದೆ ಸರಿದೆ. ಗೋಣಿಚೀಲದ ರಾಶಿಗೆ ಬೆನ್ನು ತಾಗಿತು. "ಸ್ಯಾಂಪಲ್ ಒಡೆಸಿ ನನ್ನ ಮುಂದೆ ತೂಗಿ" ಎಂದೆ. ದನಿ ಒಡೆಯಿತು, ಆದರೆ ಬಂತು. ಅವರು ಬೇಸರಿಸಿಕೊಳ್ಳಲಿಲ್ಲ, ಹುಡುಗನನ್ನು ಕರೆದು ಒಡೆಸಿದರು. ಚೀಲಕ್ಕೆ ಇಪ್ಪತ್ತಾರೂವರೆ ಕೆಜಿ ಬೇಳೆಯ ಲೆಕ್ಕ ಬಂತು. ಹೆಚ್ಚು ಸಿಕ್ಕ ಹಣ ದೊಡ್ಡದೇನಲ್ಲ. ಜೀಪು ಹತ್ತಿದ ಮೇಲೆ ಬಹಳ ಹೊತ್ತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ.

ದೊಡ್ಡಪ್ಪ, ಸಾಲು ನೋಡುವುದನ್ನು ಮೂರು ದಿನ ಮಾತ್ರ ತಪ್ಪಿಸಿದ್ದೇನೆ. ಹನ್ನೊಂದನೆಯ ದಿನ ಬೆರಳಿಗೆ ಸಿಕ್ಕಿತು. ತೊಗಟೆಯ ಕೆಳಗೆ ದಾರ ಸುತ್ತಿಟ್ಟ ಹಾಗೆ. ಕಣ್ಣಿಗೆ ಗಿಡ ಹಸಿರಾಗಿಯೇ ಇತ್ತು. ಮೇಸ್ತ್ರಿಯನ್ನು ಕರೆದು ತೋರಿಸಿದೆ, ಅವರೂ ಮುಟ್ಟಿ ನೋಡಿ ಹೌದೆಂದರು. ಬುಡಸಮೇತ ಕಿತ್ತು ಸುಟ್ಟೆವು. ಇದುವರೆಗೆ ನಲವತ್ತಮೂರು ಗಿಡ ಹೋಗಿದೆ. ಒಂದೊಂದು ಕಿತ್ತಾಗಲೂ ಸಂಕಟವಾಗುತ್ತದೆ. ಲೆಕ್ಕ ಪುಸ್ತಕದಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಹಾಗೆ.

ಅಣ್ಣನಿಗೆ ಫೋನ್ ಮಾಡಿ ಬರೆದ ಪುಟವನ್ನು ಓದಿದೆ. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಮಳೆ ಬಂದ ದಿನ ಕೂಲಿ ಕೊಟ್ಟು ಕಳಿಸಿದರೆ ಗಿಟ್ಟುತ್ತದೆಯೇ?" ಎಂದು ಕೇಳಿದ. ಗಿಟ್ಟುತ್ತದೆಯೋ ಇಲ್ಲವೋ ಎಂಬ ಲೆಕ್ಕವನ್ನು ಮೂರು ವರ್ಷದ ಖರ್ಚುವೆಚ್ಚದ ಜೊತೆ ಮಾಡಿ ತೋರಿಸುತ್ತೇನೆ ಎಂದೆ. ಲೆಕ್ಕ ನನಗೆ ಬರುತ್ತದೆ. ಮಾರುವುದು ಬೇಡ ಎಂದು ಅವನು ಒಪ್ಪಿಲ್ಲ. ಹುತ್ತರಿಗೆ ಎರಡು ದಿನ ಮೊದಲೇ ಬಂದು ಕುಸಿದ ಜಾಗ ನೋಡುತ್ತೇನೆ ಎಂದಿದ್ದಾನೆ. 2018ರ ನಂತರ ಅವನು ಆ ಕಡೆಗೆ ಹೋಗಿಯೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು.

ನಿದ್ದೆಯ ವಿಷಯಕ್ಕೆ 14416ಕ್ಕೂ ಒಮ್ಮೆ ಕರೆ ಮಾಡಿದೆ, ಮುಂದಿನ ವಾರ ಮತ್ತೆ ಮಾತನಾಡುತ್ತೇನೆ.

ಈಗ ಒಂದು ಸಹಾಯ. ಲಾವಂಚದ ಬುಡ ನಮ್ಮ ಕಡೆ ಎಲ್ಲಿ ಸಿಗುತ್ತದೆ? ಅಣ್ಣ ಬರುವಷ್ಟರಲ್ಲಿ ಒಂದು ಸಾಲಾದರೂ ನೆಡಬೇಕೆಂದಿದ್ದೇನೆ.

ಮಳೆ ಪುಸ್ತಕ (ನವೆಂಬರ್ 16)

ನಮ್ಮ ಕೆರೆ ಏರಿಯ ಮೇಲೆ ಬೇಕಾದಷ್ಟು ಇದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಈಗಲೇ ಬರೆಯಲ್ಲಿ ನೆಡಬೇಡ, ಬೇಸಿಗೆಗೆ ಒಣಗಿಹೋಗುತ್ತದೆ. ಬುಡ ಬಿಡಿಸಿ, ಎಲೆಯನ್ನು ಒಂದು ಗೇಣು ಉಳಿಸಿ ಕತ್ತರಿಸಿ, ಮನೆಯ ಹತ್ತಿರ ನೀರು ಹಾಕುವ ಜಾಗದಲ್ಲಿ ಪಾತಿ ಮಾಡಿಕೋ. ಒಂದು ಬುಡ ಹತ್ತಾಗುತ್ತದೆ. ಜೂನ್ ಮೊದಲ ಮಳೆಗೆ ಬರೆಗೆ ಏರಿಸು. ಅಣ್ಣನಿಗೆ ಪಾತಿ ತೋರಿಸಿದರೆ ಸಾಕು.

ಭಾನುವಾರ ಬಾ, ಹತ್ತು ಗಂಟೆಯ ಮೇಲೆ. ಇಬ್ಬನಿ ಆರಿರುತ್ತದೆ. ನಾಲ್ಕು ಖಾಲಿ ಚೀಲ ತಾ, ಗುದ್ದಲಿ ಇಲ್ಲಿದೆ.